ಗಂಡನ ಮೇಲೆ ಕ್ರಿಮಿನಲ್ ಕೇಸ್, ದಿನಾ ಟೀವಿಲಿ ಸುದ್ದಿ, ಈಗ ಡಿವೋರ್ಸ್ ಹಾಕಿದ್ರೆ ಏನಾಗುತ್ತೆ?

ನಿಟ್ಟುವಳ್ಳಿ_ಅಕ್ಕ

ಎಲ್ರಿಗೂ ನಮಸ್ಕಾರ. ದಾವಣಗೆರೆಯಿಂದ ಬರೀತಾ ಇದೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಆಮೇಲೆ ಹೇಳಿ. ನನ್ನ ಸೋದರಮಾವನ ಮಗಳನ್ನ ಬೆಂಗಳೂರಿಗೆ ಕೊಟ್ಟಿರೋದು, ಅವಳ ಗಂಡ ಸೀರಿಯಲ್ ಆರ್ಟಿಸ್ಟ್, ಹೆಸರು ಬೇಡ, ಹೇಳಿದ್ರೆ ಇಲ್ಲಿ ಅರ್ಧ ಜನಕ್ಕೆ ಮುಖ ಗೊತ್ತಾಗುತ್ತೆ. ಸೈಟ್ ಕೊಡ್ತೀವಿ ಅಂತ ಜನರ ಹತ್ರ ದುಡ್ಡು ಎತ್ತಿದ ಒಂದು ಗುಂಪಿನ ಜೊತೆ ಅವರ ಹೆಸರೂ ಎಫ್‌ಐಆರ್‌ಗೆ ಬಂದಿದೆ, ಅದರ ಬೆನ್ನಿಗೇ ಬೇರೆ ಯಾರದೋ ಜೊತೆಗಿನ ಫೋಟೋ, ಚಾಟ್ ಅಂತ ಯೂಟ್ಯೂಬ್‌ನೋರು ದಿನಾ ಒಂದೊಂದು ಬಿಡ್ತಾ ಇದಾರೆ. ಯಾವುದು ನಿಜ ಯಾವುದು ಸುಳ್ಳು ನಮಗೂ ಗೊತ್ತಿಲ್ಲ, ಆದ್ರೆ ಮನೆಯೊಳಗೆ ಅವಳು ಪಟ್ಟಿರೋ ಪಾಡು ಮಾತ್ರ ಈ ಸುದ್ದಿಗಿಂತ ಎಷ್ಟೋ ಹಳೇದು, ನಾವೆಲ್ಲ ಕಣ್ಣಾರೆ ಕಂಡಿದೀವಿ.

ಮಾವ ಮಂಡಿಪೇಟೆಲಿ ಅಂಗಡಿ ಇಟ್ಕೊಂಡಿರೋರು. ಬಂದ ಗಿರಾಕಿ ಎಲ್ಲ ಸಾಮಾನಿಗಿಂತ ಮೊದಲು "ಏನ್ರಿ ಸಾವ್ಕಾರ್ರೆ, ಅಳಿಯಂದು ಏನಾತು" ಅಂತ ಕೇಳೋದು ನೋಡಿ ಈಗ ಶಟರ್ ಅರ್ಧ ಎಳ್ಕೊಂಡು ಒಳಗಡೆ ಕೂತಿರ್ತಾರೆ, ಲೆಕ್ಕದ ಪುಸ್ತಕ ತೆಗೆದಿರ್ತಾರೆ ಆದ್ರೆ ಬರಿಯಲ್ಲ. ಮನೇಲಿ ಎರಡು ಪಂಗಡ ಆಗಿದೆ. ದೊಡ್ಡವರು ಕೇಸ್ ಮುಗಿಯೋವರೆಗೂ ಸುಮ್ನಿರು, ಕಷ್ಟದಲ್ಲಿ ಗಂಡನ್ನ ಬಿಟ್ಲು ಅಂತ ಜನ ಆಡ್ಕೋತಾರೆ ಅಂತಾರೆ, ಹುಡುಗರು ಈಗ್ಲೇ ಹಾಕು, ಕೇಸ್ ಇರೋವಾಗ ಡಿವೋರ್ಸ್ ಫಟಾಫಟ್ ಸಿಗುತ್ತೆ, ಅರ್ಧ ಆಸ್ತಿ ನಿಂದೇ ಅಂತಾರೆ. ನಿಜವಾಗ್ಲೂ ಹಂಗಿದೆಯಾ? ಅವರು ಅರೆಸ್ಟ್ ಆಗಿದ್ದು, ಪೇಪರಲ್ಲಿ ಬಂದಿದ್ದು ಇವೆಲ್ಲ ಡಿವೋರ್ಸ್ ಕೋರ್ಟಲ್ಲಿ ಲೆಕ್ಕಕ್ಕೆ ಬರುತ್ತಾ? ಮಗು ಎರಡನೇ ಕ್ಲಾಸು, ಅದರ ಬಗ್ಗೆನೂ ತುಂಬಾ ಯೋಚನೆ ಆಗಿದೆ.

ಹರಿಹರದ_ವಕೀಲ

ಅಕ್ಕಾರೆ, ದಾವಣಗೆರೆ ಹರಿಹರ ಎರಡೂ ಕಡೆ ಫ್ಯಾಮಿಲಿ ಮ್ಯಾಟರ್ ನೋಡ್ತೀನಿ, ಅದಕ್ಕೆ ಬರೀತಿದೀನಿ.

ಮೊದಲನೇದಾಗಿ ಒಂದು ವಿಷ್ಯ ತಲೇಲಿ ಇಟ್ಕೊಳ್ಳಿ, 1955ರ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13 ತೆಗೆದು ನೋಡಿದ್ರೆ ಗಂಡನ ಮೇಲೆ ಎಫ್‌ಐಆರ್ ಆಗಿದೆ, ಅರೆಸ್ಟ್ ಆಗಿದಾನೆ ಅನ್ನೋದು ಡಿವೋರ್ಸ್‌ಗೆ ಕಾರಣ ಅಂತ ಎಲ್ಲೂ ಬರೆದಿಲ್ಲ. ಶಿಕ್ಷೆ ಆಗಿ ಜೈಲಿಗೆ ಹೋದ್ರೂ ಅಷ್ಟರಿಂದಲೇ ಆಗಲ್ಲ. ಹೆಂಡತಿಗೆ ಒಂದು ವಿಶೇಷ ಕಾರಣ ಇದೆ, ಮದುವೆ ಆದ್ಮೇಲೆ ಗಂಡ ರೇಪ್‌ನಂಥ ಅಪರಾಧ ಮಾಡಿದ್ರೆ ಅಂತ, ಅದು ಬಿಟ್ರೆ ಮೋಸದ ಕೇಸು, ಕೊಲೆ ಕೇಸು ಯಾವುದೂ ಆ ಪಟ್ಟಿಲಿ ಇಲ್ಲ. 1954ರ ಸ್ಪೆಷಲ್ ಮ್ಯಾರೇಜ್ ಆಕ್ಟ್‌ನಲ್ಲಿ ಮದುವೆ ಆಗಿದ್ರೆ ಬೇರೆ, ಅಲ್ಲಿ ಗಂಡ ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಅನುಭವಿಸ್ತಾ ಇದ್ರೆ ಅದೇ ಒಂದು ಕಾರಣ ಆಗುತ್ತೆ. ಮುಸ್ಲಿಂ ಹೆಣ್ಣುಮಕ್ಕಳಿಗೂ 1939ರ ಕಾಯ್ದೆಲಿ ಏಳು ವರ್ಷದ ಶಿಕ್ಷೆಯ ಮಾತು ಇದೆ. ಕಲ್ಯಾಣ ಮಂಟಪದಲ್ಲಿ ಧಾರೆ ಎರೆದು ಆಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸಿದ್ದು ಅಂದ್ರೆ ಸಾಮಾನ್ಯವಾಗಿ ಹಿಂದೂ ವಿವಾಹ ಕಾಯ್ದೆನೇ, ಸರ್ಟಿಫಿಕೇಟ್ ತೆಗೆದು ಮೇಲೆ ಯಾವ ಆಕ್ಟ್ ಅಂತ ಹಾಕಿದಾರೆ ನೋಡಿ.

ಹಾಗಾದ್ರೆ ಯಾವುದರ ಮೇಲೆ ಹಾಕ್ಬೇಕು? ಕ್ರೌರ್ಯ. ನೀವೇ ಬರೆದಿದೀರಲ್ಲ, ಅವಳ ಪಾಡು ಈ ಸುದ್ದಿಗಿಂತ ಹಳೇದು ಅಂತ, ನಿಮ್ಮ ಕೇಸ್ ಅಲ್ಲೇ ಇದೆ. ಅವರು ಸೈಟ್ ಹೆಸರಲ್ಲಿ ಮೂರನೆಯವರಿಗೆ ಮೋಸ ಮಾಡಿದ್ರೋ ಇಲ್ಲವೋ ಅದು ಕ್ರಿಮಿನಲ್ ಕೋರ್ಟ್ ನೋಡ್ಕೊಳ್ಳುತ್ತೆ, ಫ್ಯಾಮಿಲಿ ಕೋರ್ಟ್ ಜಡ್ಜ್ ಕೇಳೋದು "ನಿಮಗೆ ಏನಾಯ್ತಮ್ಮಾ" ಅಂತ. ಆ ವ್ಯವಹಾರಕ್ಕೆ ಅವಳ ಒಡವೆ ಅಡ ಇಟ್ರಾ, ಅವಳ ಹತ್ರ ಖಾಲಿ ಚೆಕ್‌ಗೆ ಸೈನ್ ಹಾಕಿಸಿದ್ರಾ, ದುಡ್ಡು ಕಳ್ಕೊಂಡೋರು ಮನೆ ಬಾಗಿಲಿಗೆ ಬಂದಾಗ ಇವಳನ್ನ ಮುಂದೆ ಬಿಟ್ಟು ಅವರು ಹಿಂದಿನ ಬಾಗಿಲಿಂದ ಹೋದ್ರಾ, ಇಂಥದ್ದಿದ್ರೆ ಅದು ಕ್ರೌರ್ಯಕ್ಕೆ ಸೇರುತ್ತೆ. ಬೇರೆ ಸಂಬಂಧದ ವಿಷ್ಯಕ್ಕೆ ಬಂದ್ರೆ, 2018ರಲ್ಲಿ ಸುಪ್ರೀಂ ಕೋರ್ಟ್ ಐಪಿಸಿ 497 ಹೊಡೆದು ಹಾಕಿದ್ಮೇಲೆ ವ್ಯಭಿಚಾರಕ್ಕೆ ಜೈಲಿಲ್ಲ, ಆದ್ರೆ ಡಿವೋರ್ಸ್‌ಗೆ ಅದು ಇವತ್ತಿಗೂ ಕಾರಣವೇ.

ಇನ್ನೊಂದು, ಕ್ರಿಮಿನಲ್ ಕೇಸಲ್ಲಿ ಬೇಕಾಗೋ ಅಷ್ಟು ಗಟ್ಟಿ ಸಾಕ್ಷಿ ಇಲ್ಲಿ ಬೇಡ. ಸಂಶಯಾತೀತವಾಗಿ ಸಾಬೀತಾಗ್ಬೇಕು ಅನ್ನೋದು ಅಲ್ಲಿನ ಮಾತು, ಇಲ್ಲಿ ಎರಡೂ ಕಡೆ ತೂಗಿ ಯಾವುದು ಹೆಚ್ಚು ಸಂಭವ ಅಂತ ನೋಡ್ತಾರೆ, 1975ರ ದಾಸ್ತಾನೆ ಕೇಸಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅಂದ್ರೆ ಅವರು ನಾಳೆ ಮೋಸದ ಕೇಸಲ್ಲಿ ಖುಲಾಸೆ ಆದ್ರೂ ಇವಳ ಡಿವೋರ್ಸ್ ಬಿದ್ದೋಗಲ್ಲ, ಶಿಕ್ಷೆ ಆದ್ರೂ ತಾನಾಗೇ ಸಿಗಲ್ಲ. ಕೇಸ್ ಮುಗಿಯೋವರೆಗೂ ಕಾಯ್ಬೇಕು ಅನ್ನೋದಕ್ಕೆ ಕಾನೂನಲ್ಲಿ ಯಾವ ಆಧಾರನೂ ಇಲ್ಲ.

ಕೈ ಮುಗಿದು ಕೇಳ್ಕೊಳ್ಳೋದು ಒಂದೇ, ಅವಳು ಯಾವ ಚಾನಲ್‌ಗೂ ಮಾತಾಡೋದು ಬೇಡ. 2013ರ ಶ್ರೀನಿವಾಸ ರಾವ್ ವರ್ಸಸ್ ದೀಪಾ ಕೇಸಲ್ಲಿ ಸುಪ್ರೀಂ ಕೋರ್ಟ್, ಸಂಗಾತಿ ಮೇಲೆ ಮಾನ ಹೋಗೋ ಹಂಗೆ ಆಧಾರ ಇಲ್ಲದ ಆರೋಪ ಮಾಡೋದೂ, ಸುಳ್ಳು ಕಂಪ್ಲೇಂಟ್ ಕೊಡೋದೂ ಮಾನಸಿಕ ಕ್ರೌರ್ಯ ಅಂತ ಹೇಳಿದೆ. ಇವತ್ತು ಸಿಟ್ಟಲ್ಲಿ ಮೈಕ್ ಮುಂದೆ ಆಡಿದ ಮಾತನ್ನೇ ನಾಳೆ ಅವರ ಕಡೆ ವಕೀಲರು ಪೆನ್‌ಡ್ರೈವ್‌ಗೆ ಹಾಕ್ಕೊಂಡು ಬಂದು ಇವಳ ಮೇಲೇ ತಿರುಗಿಸ್ತಾರೆ.

ಬೆಣ್ಣೆದೋಸೆ_ಬಾಯ್

ಸರ್ ನೀವು ಹೇಳಿದ್ದು ಸರಿ ಇರಬಹುದು ಆದ್ರೆ ಅರ್ಧ ಆಸ್ತಿ ಅಂತೂ ಬರುತ್ತಲ್ವಾ? ಅಮೇರಿಕಾದಲ್ಲಿ ಆ ಡ್ಯಾನಿ ಮಾಸ್ಟರ್ಸನ್ ಅಂತ ಟೀವಿ ನಟ, ಶಿಕ್ಷೆ ಆದ ಹಿಂದೇನೇ ಹೆಂಡತಿ ಡಿವೋರ್ಸ್ ಹಾಕಿದ್ಲು ಅಂತ ಓದಿದ್ದೆ, ಜೈಲು ಅಂದ್ರೆ ಡಿವೋರ್ಸ್ ಗ್ಯಾರಂಟಿ ಅಂತ ತಾನೇ ಅರ್ಥ. ನಮ್ಮಲ್ಲಿ ಮಾತ್ರ ಯಾಕೆ ಇಷ್ಟು ಸುತ್ತು.

ಸಾನ್‌ಹೋಸೆ_ದಾವಣಗೆರೆಯವಳು

ನಾನು ಹುಟ್ಟಿ ಬೆಳೆದಿದ್ದು ವಿದ್ಯಾನಗರ, ಈಗ ಇರೋದು ಕ್ಯಾಲಿಫೋರ್ನಿಯಾ, ಇಲ್ಲಿನ ಲಾ ಆಫೀಸಲ್ಲಿ ಪ್ಯಾರಾಲೀಗಲ್, ಅಂದ್ರೆ ವಕೀಲರ ಸಹಾಯಕಿ ಕೆಲಸ, ಹಾಗಾಗಿ ಇದನ್ನ ಬಿಡಿಸಿ ಹೇಳ್ತೀನಿ ಯಾಕಂದ್ರೆ ಈ ಕೇಸನ್ನ ತಪ್ಪಾಗಿ ಹೇಳ್ತಾ ಹೋದ್ರೆ ಪಾಪ ಆ ಹುಡುಗಿ ತಪ್ಪು ಲೆಕ್ಕ ಹಾಕ್ತಾಳೆ.

ಮಾಸ್ಟರ್ಸನ್‌ನ 2023ರ ಮೇ 31ಕ್ಕೆ ಎರಡು ರೇಪ್ ಆರೋಪದಲ್ಲಿ ಜ್ಯೂರಿ ತಪ್ಪಿತಸ್ಥ ಅಂದಿದ್ದು, ಸೆಪ್ಟೆಂಬರ್ 7ಕ್ಕೆ 30 ವರ್ಷದಿಂದ ಜೀವಾವಧಿ ಅಂತ ಶಿಕ್ಷೆ ಹೇಳಿದ್ದು. ಹೆಂಡತಿ ಬಿಜೌ ಫಿಲಿಪ್ಸ್, ಅವರೂ ನಟಿ, ವಿಚಾರಣೆ ಉದ್ದಕ್ಕೂ ಗಂಡನ ಪರ ನಿಂತಿದ್ರು, ಶಿಕ್ಷೆ ಕಮ್ಮಿ ಕೊಡಿ ಅಂತ ಜಡ್ಜ್‌ಗೆ ಪತ್ರಾನೂ ಬರೆದಿದ್ರು, ಅದೇ ಸೆಪ್ಟೆಂಬರಲ್ಲಿ ಡಿವೋರ್ಸ್ ಅರ್ಜಿ ಹಾಕಿದ್ರು. ಆದ್ರೆ ಅರ್ಜಿಲಿ ಕೊಟ್ಟ ಕಾರಣ ಏನು ಗೊತ್ತಾ, ಹೊಂದಾಣಿಕೆ ಆಗದ ಭಿನ್ನಾಭಿಪ್ರಾಯ ಅಷ್ಟೇ. ಇಲ್ಲಿ 1970ರಿಂದ ಯಾರ ತಪ್ಪು ಅಂತ ಕೇಳೋ ಪದ್ಧತಿನೇ ಇಲ್ಲ, ಗಂಡ ಜೈಲಲ್ಲಿರಲಿ ಮನೇಲಿರಲಿ ಒಬ್ಬರಿಗೆ ಬೇಡ ಅಂದ್ರೆ ಡಿವೋರ್ಸ್ ಆಗುತ್ತೆ. ಅಂದ್ರೆ ಜೈಲಿಂದ ಡಿವೋರ್ಸ್ ಸಿಕ್ಕಿದ್ದಲ್ಲ. ಕ್ರಿಮಿನಲ್ ಶಿಕ್ಷೆ ಇಲ್ಲಿ ಲೆಕ್ಕಕ್ಕೆ ಬರೋದು ಬೇರೆ ಕಡೆ, ಸಂಗಾತಿ ಮೇಲೇ ಕೈ ಮಾಡಿ ಶಿಕ್ಷೆ ಆಗಿದ್ರೆ ಅಂಥವರಿಗೆ ಜೀವನಾಂಶ ಸಿಗೋದು ಕಷ್ಟ, ಮನೇಲಿ ಹಿಂಸೆ ನಡೆದಿದೆ ಅಂತ ಕೋರ್ಟ್ ಕಂಡ್ಕೊಂಡ್ರೆ ಮಗು ಕಸ್ಟಡಿನೂ ಕಷ್ಟ.

ಅರ್ಧ ಆಸ್ತಿ ಅನ್ನೋದು ಕ್ಯಾಲಿಫೋರ್ನಿಯಾ ಕಾನೂನು, ಮದುವೆ ಆದ್ಮೇಲೆ ದುಡಿದಿದ್ದು ಇಬ್ಬರದೂ. ಆದ್ರೆ ಅದೇ ಲೆಕ್ಕದಲ್ಲಿ ಮದುವೆ ಕಾಲದ ಸಾಲಾನೂ ಇಬ್ಬರ ತಲೆ ಮೇಲೆ ಬರುತ್ತೆ, ದೊಡ್ಡ ಕೇಸಲ್ಲಿ ಸಿಕ್ಕಿದ ಸ್ಟಾರ್‌ಗಳ ಮನೇಲಿ ವಕೀಲರ ಫೀಸಿಗೇ ಮನೆ ಅಡ ಬಿದ್ದಿರುತ್ತೆ, ಹಂಚ್ಕೊಳ್ಳೋಕೆ ಏನು ಉಳಿದಿದೆ ಅಂತ ನೋಡ್ಬೇಕು. ಕೇಸೇ ಇಲ್ಲದೆ ಬರೀ ಹಗರಣ ಆದ್ರೂ ಹೊಡೆತ ಬೀಳೋದು ದುಡ್ಡಿನ ಮೇಲೆ, ಗಾಲ್ಫ್ ಆಟಗಾರ ಟೈಗರ್ ವುಡ್ಸ್‌ದು 2009ರ ನವೆಂಬರ್‌ನಲ್ಲಿ ಕಾರ್ ಗುದ್ದಿ ಬೇರೆ ಸಂಬಂಧಗಳ ಸುದ್ದಿ ಹೊರಗೆ ಬಂತು, ಡಿಸೆಂಬರ್ ಮುಗಿಯೋದ್ರೊಳಗೆ ಪ್ರಾಯೋಜಕ ಕಂಪನಿಗಳಾದ ಆಕ್ಸೆಂಚರ್, ಎಟಿ ಆಂಡ್ ಟಿ ಕೈ ಬಿಟ್ವು, 2010ರ ಆಗಸ್ಟ್‌ನಲ್ಲಿ ಡಿವೋರ್ಸ್ ಆಯ್ತು. ಅಲ್ಲಿ ಅಪರಾಧ ಅಂತ ಇದ್ದಿದ್ದು ಅಜಾಗರೂಕ ಡ್ರೈವಿಂಗ್‌ಗೆ 164 ಡಾಲರ್ ದಂಡ ಮಾತ್ರ.

ಹರಿಹರದ_ವಕೀಲ

ಅಮ್ಮಾ ತುಂಬಾ ಚೆನ್ನಾಗಿ ಹೇಳಿದ್ರಿ. ಬೆಣ್ಣೆದೋಸೆ ತಮ್ಮಾ, ನಮ್ಮಲ್ಲಿ ಡಿವೋರ್ಸ್ ಆದ್ರೆ ಆಸ್ತಿ ಅರ್ಧ ಮಾಡೋ ಕಾನೂನೇ ಇಲ್ಲ. ಇರೋದು ಜೀವನಾಂಶ, ಇರೋಕೆ ಮನೆ, ಅವಳ ಸ್ತ್ರೀಧನ ವಾಪಸ್, ಮಗುವಿನ ಖರ್ಚು. ಜೀವನಾಂಶಕ್ಕೆ 2020ರ ರಜನೀಶ್ ವರ್ಸಸ್ ನೇಹಾ ತೀರ್ಪು ದೊಡ್ಡ ಬಲ, ಇಬ್ಬರೂ ಆಸ್ತಿ, ಆದಾಯ, ಸಾಲ ಎಲ್ಲ ಅಫಿಡವಿಟ್‌ನಲ್ಲಿ ಬಿಚ್ಚಿಡ್ಬೇಕು, ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಶುರು. ಅದಕ್ಕೇ ಕಾಯ್ಬೇಡಿ ಅನ್ನೋದು, ಕಾದಷ್ಟು ತಿಂಗಳು ಹೋದಂಗೇ.

ಗಂಡನ ಮೇಲೆ ಕೇಸ್ ಇರೋದಕ್ಕೂ ಜೀವನಾಂಶಕ್ಕೂ ನೇರ ಸಂಬಂಧ ಇಲ್ಲ. ಕ್ರಿಕೆಟರ್ ಮೊಹಮ್ಮದ್ ಶಮಿ ವಿಷ್ಯ ನೋಡಿ, 2018ರಲ್ಲಿ ಹೆಂಡತಿ ಕಂಪ್ಲೇಂಟ್ ಕೊಟ್ಟಾಗ ಬಿಸಿಸಿಐ ಕಾಂಟ್ರ್ಯಾಕ್ಟ್ ತಡೆ ಹಿಡೀತು, ತನಿಖೆ ಮಾಡಿಸಿ ಆಮೇಲೆ ಅದೇ ತಿಂಗಳಲ್ಲಿ ವಾಪಸ್ ಕೊಡ್ತು. ಜೀವನಾಂಶದ ಆರ್ಡರ್ ಮಾತ್ರ ಹತ್ತಿ ಹತ್ತಿ 2025ರ ಜುಲೈನಲ್ಲಿ ಕಲ್ಕತ್ತಾ ಹೈಕೋರ್ಟ್ ತಿಂಗಳಿಗೆ ನಾಲ್ಕು ಲಕ್ಷ ಅಂತು, ಹೆಂಡತಿಗೆ ಒಂದೂವರೆ, ಮಗಳಿಗೆ ಎರಡೂವರೆ. ಅಲ್ಲಿ ತೂಗಿದ್ದು ಆದಾಯ ಮತ್ತೆ ಮಗುವಿನ ಜೀವನಮಟ್ಟ, ಟೀವಿ ಚರ್ಚೆ ಅಲ್ಲ.

ನಿಮ್ಮ ಹುಡುಗಿ ವಿಷ್ಯದಲ್ಲಿ ನನಗೆ ನಿಜವಾಗ್ಲೂ ಭಯ ಇರೋದು ಆಸ್ತಿ ಜಪ್ತಿದು. ಜನರ ಹತ್ರ ದುಡ್ಡು ಎತ್ತಿದ ಕೇಸ್ ಅಂದ್ರೆ 2004ರ ಕೆಪಿಐಡಿ ಕಾಯ್ದೆ, ಅಂದ್ರೆ ಠೇವಣಿ ಇಟ್ಟ ಜನರ ಹಿತ ಕಾಯೋ ನಮ್ಮ ರಾಜ್ಯದ ಕಾಯ್ದೆ ಬರಬಹುದು, ಇಡಿ ಬಂದ್ರೆ ಇನ್ನೊಂದು. ಹೆಂಡತಿ ಹೆಸರಲ್ಲಿ ಇದೆ ಅಂದ ಮಾತ್ರಕ್ಕೆ ಬಿಡಲ್ಲ, ಈ ದುಡ್ಡಿಂದ ತಗೊಂಡಿದ್ದು ಅನ್ನಿಸಿದ್ರೆ ಅದನ್ನೂ ಮುಟ್ಟುಗೋಲು ಹಾಕ್ತಾರೆ. ಅವಳಪ್ಪ ಕೊಟ್ಟ ಒಡವೆ ಬಿಲ್ಲು, ಮದುವೆ ಫೋಟೋಲಿ ಹಾಕ್ಕೊಂಡಿರೋ ಸರ ಬಳೆ, ಅವಳ ಸ್ವಂತ ಸಂಬಳದ ಬ್ಯಾಂಕ್ ಸ್ಟೇಟ್‌ಮೆಂಟ್ ಇವೆಲ್ಲ ಈಗ್ಲೇ ಒಂದು ಫೈಲ್ ಮಾಡಿ ದಾವಣಗೆರೆ ಮನೆಗೆ ತಂದಿಡಿ, ಬೆಂಗಳೂರು ಮನೇಲಿ ಬಿಡ್ಬೇಡಿ.

ನಿವೃತ್ತ_ಬೆಂಚ್‌ಕ್ಲರ್ಕ್

ಕೋರ್ಟಲ್ಲೇ ಜೀವ ಸವೆಸಿದವನು ನಾನು, ಸರ್ವೀಸ್ ಪೂರ್ತಿ ಕರಿ ಕೋಟಿನ ನಡುವೆ ಕಳೆದಿದ್ದು. ಟೀವಿ ನೋಡಿ ಹೆದರಿಕೊಂಡಿರೋ ಹೆಣ್ಣುಮಗಳಿಗೆ ಒಳಗಡೆ ಹೆಂಗಿರುತ್ತೆ ಅಂತ ಹೇಳೋದು ನನ್ನ ಕರ್ತವ್ಯ ಅನ್ನಿಸ್ತು.

ಕೇಸ್ ನಂಬರ್ ಕೂಗ್ತಾರೆ, ಇಬ್ಬರೂ ಬಂದು ನಿಲ್ತಾರೆ, ಸಾಕ್ಷಿ ಶುರು ಆಗೋ ಮುಂಚೆ ಯಾರಾದ್ರೂ ಒಬ್ಬರು ಗೌಪ್ಯವಾಗಿ ನಡೀಲಿ ಅಂತ ಕೇಳಿದ್ರೆ ಸಾಕು, ಜಡ್ಜ್ ಸಾಹೇಬರು ನಮ್ಮ ಕಡೆ ನೋಡ್ತಾರೆ, ನಾವು ಹಿಂದಿನ ಬೆಂಚಲ್ಲಿ ಕೂತಿರೋ ಬೇರೆ ಕಕ್ಷಿದಾರರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಚ್ಚಿಸ್ತೀವಿ. ಆಮೇಲೆ ಒಳಗೆ ಉಳಿಯೋದು ಜಡ್ಜು, ಸ್ಟೆನೋ, ನಾನು, ಗಂಡ ಹೆಂಡತಿ, ವಕೀಲರು. ಆ ಬಾಗಿಲು ಮುಚ್ಚಿದ್ಮೇಲೇ ಹೆಣ್ಣುಮಕ್ಕಳು ನಿಜ ಮಾತಾಡೋದು, ಅಲ್ಲೀವರೆಗೂ ಸೆರಗು ತುದಿ ತಿರುವುತ್ತಾ ಹೂಂ ಅಂತ ಮಾತ್ರ ಅಂತಿರ್ತಾರೆ. 1984ರ ಕುಟುಂಬ ನ್ಯಾಯಾಲಯ ಕಾಯ್ದೆ ಸೆಕ್ಷನ್ 11ರಲ್ಲೇ ಇದು ಇದೆ. ಹಿಂದೂ ವಿವಾಹ ಕಾಯ್ದೆ ಸೆಕ್ಷನ್ 22 ಇನ್ನೂ ಗಟ್ಟಿ, ಈ ಕಾಯ್ದೆಯ ಕೇಸೆಲ್ಲ ಗೌಪ್ಯವಾಗೇ ನಡೀಬೇಕು, ಅಲ್ಲಿ ನಡೆದಿದ್ದನ್ನ ಅಚ್ಚು ಹಾಕೋ ಹಂಗಿಲ್ಲ, ಪ್ರಕಟ ಮಾಡೋ ಹಂಗಿಲ್ಲ, ಹೈಕೋರ್ಟು ಸುಪ್ರೀಂ ಕೋರ್ಟು ತೀರ್ಪನ್ನ ಹಾಕ್ಬೇಕಂದ್ರೂ ಆ ಕೋರ್ಟಿನ ಅನುಮತಿ ಬೇಕು. ಆದ್ರೆ ಮೀರಿದ್ರೆ ದಂಡ ಎಷ್ಟು, ಒಂದು ಸಾವಿರ ರೂಪಾಯಿ! 1955ರಲ್ಲಿ ಆ ಸಾವಿರಕ್ಕೆ ಬೆಲೆ ಇತ್ತು, ಇವತ್ತು ಒಂದು ವಿಡಿಯೋಗೆ ಅದರ ಎಷ್ಟೋ ಪಾಲು ದುಡ್ಡು ಬರುತ್ತೆ ಅವರಿಗೆ, ಯಾರು ಹೆದರ್ತಾರೆ. ಈ ದಂಡ ಏರಿಸ್ಬೇಕು, ಇದನ್ನ ಎಲ್ಲಿ ಬೇಕಾದ್ರೂ ಹೇಳ್ತೀನಿ.

ಗಂಡ ಜೈಲಲ್ಲಿದ್ರೆ ಕೇಸ್ ನಿಂತೋಗುತ್ತೆ ಅಂತ ಭಯ ಬೇಡ. ನೋಟಿಸ್ ಜೈಲಿಗೇ ಹೋಗುತ್ತೆ, ಅವರು ಅಲ್ಲೇ ವಕಾಲತ್ತಿಗೆ ಸೈನ್ ಹಾಕಿ ಜೈಲ್ ಸೂಪರಿಂಟೆಂಡೆಂಟ್ ಸೀಲ್ ಒತ್ತಿ ಕಳಿಸ್ತಾರೆ, ಆ ಕೆಂಪು ನೀಲಿ ಸೀಲಿನ ವಕಾಲತ್ತು ನಮ್ಮ ಫೈಲಿಗೆ ಬರ್ತಾ ಇದ್ವು. ತಡ ಅಂತೂ ಆಗುತ್ತೆ, ಕೈದಿನ ಕೋರ್ಟಿಗೆ ಕರ್ಕೊಂಡು ಬರೋ ಬಾಡಿ ವಾರಂಟ್, ಎಸ್ಕಾರ್ಟ್ ಪೊಲೀಸ್ ಸಿಗಲಿಲ್ಲ ಅಂತ ಒಂದೊಂದು ಸಲ ತಾರೀಕು ಮುಂದೆ ಹೋಗುತ್ತೆ, ಈಗ ವಿಡಿಯೋ ಕಾನ್ಫರೆನ್ಸ್ ಬಂದು ಎಷ್ಟೋ ಸುಲಭ ಆಗಿದೆ.

ಕೋಟೆ_ಮಂಜಣ್ಣ

ನಾನು ಚಿತ್ರದುರ್ಗದೋನು. 2024ರ ಜೂನ್‌ನಿಂದ ನಮ್ಮೂರ ಹೆಸರು ಯಾವ ಕಾರಣಕ್ಕೆ ದಿನಾ ಟೀವಿಲಿ ಬಂತು ಅಂತ ಎಲ್ರಿಗೂ ಗೊತ್ತು, ಯಾರ ಹೆಸರೂ ಬರೆಯಲ್ಲ. 2025ರ ಆಗಸ್ಟ್ 14ಕ್ಕೆ ಸುಪ್ರೀಂ ಕೋರ್ಟ್ ಆ ಕೊಲೆ ಕೇಸಿನ ಆರೋಪಿಗಳ ಜಾಮೀನು ರದ್ದು ಮಾಡ್ತು, ಆಗ್ಲೂ ತೀರ್ಪು ಬಂದಿದ್ದಲ್ಲ, ಅದು ಕೋರ್ಟಿಗೆ ಬಿಟ್ಟಿದ್ದು, ನಾವು ಬಾಯಿ ಹಾಕೋದು ಬೇಡ. ನಾನು ಹೇಳೋಕೆ ಬಂದಿದ್ದು ಬೇರೆ. ಆವಾಗ ಗಾಂಧಿ ಸರ್ಕಲ್‌ನಲ್ಲಿ ಚಾನಲ್ ಗಾಡಿ ನಿಂತಿರೋದು, ಕಂಡ ಕಂಡೋರ ಮುಂದೆ ಮೈಕ್ ಹಿಡಿಯೋದು. ಒಂದು ಕಡೆ ಜೀವ ಕಳ್ಕೊಂಡ ಮನೆ, ಆ ಮನೆ ಸೊಸೆ, ಇನ್ನೊಂದು ಕಡೆ ಆರೋಪಿಗಳ ಮನೆ ಹೆಣ್ಣುಮಕ್ಕಳು, ಆರೋಪ ಇರೋದು ಒಬ್ಬರ ಮೇಲೆ ಆದ್ರೆ ಅವ್ಳು ಯಾಕೆ ಬಿಟ್ಟಿಲ್ಲ, ಇವ್ಳು ಯಾಕೆ ದೇವಸ್ಥಾನಕ್ಕೆ ಹೋದ್ಲು ಅಂತ ಇಡೀ ರಾಜ್ಯ ಪಂಚಾಯ್ತಿ ಮಾಡ್ತು. ಗಂಡನ ಜೊತೆ ನಿಂತ್ರೂ ಬೈಗುಳ, ಬಿಟ್ಟು ಬಂದ್ರೂ ಬೈಗುಳ ಅಂದ್ರೆ ಹೆಣ್ಣುಮಗಳು ಎಲ್ಲಿಗೆ ಹೋಗ್ಬೇಕು?

ಸಿನಿಮಾದೋರ ಡಿವೋರ್ಸ್ ಅಂದ್ರೆ ನಮ್ ಜನಕ್ಕೆ ಎಷ್ಟು ಕೋಟಿ ಅನ್ನೋದೊಂದೇ. ಚಂದನ್ ಶೆಟ್ಟಿ ನಿವೇದಿತಾ ಗೌಡ 2024ರ ಜೂನ್‌ನಲ್ಲಿ ಒಪ್ಕೊಂಡು ಬೇರೆ ಆದ್ರು, ಯಾವ ಕೇಸೂ ಇರಲಿಲ್ಲ, ಆದ್ರೂ ಜೀವನಾಂಶ ಅಷ್ಟು ಇಷ್ಟು ಅಂತ ಕಥೆ ಕಟ್ಟಿ ಕೊನೆಗೆ ಪಾಪ ಇಬ್ರೂ ಒಟ್ಟಿಗೆ ಪ್ರೆಸ್‌ಮೀಟ್ ಮಾಡಿ ಏನೂ ಇಲ್ರಪ್ಪಾ ಅಂತ ಹೇಳ್ಬೇಕಾಯ್ತು. ಅದೇ ತಿಂಗಳು ದುನಿಯಾ ವಿಜಯ್ ಅವರ ಡಿವೋರ್ಸ್ ಅರ್ಜಿ ಬೆಂಗಳೂರು ಫ್ಯಾಮಿಲಿ ಕೋರ್ಟಲ್ಲಿ ವಜಾ ಆಯ್ತು, ಎಷ್ಟು ದೊಡ್ಡ ಸ್ಟಾರ್ ಆದ್ರೂ ಕೇಳಿದ ತಕ್ಷಣ ಸಿಗಲ್ಲ ಅಂತ ಅದೂ ಗೊತ್ತಾಯ್ತು. ಅಕ್ಕಾ, ನಿಮ್ಮ ಮಾವರಿಗೆ ಹೇಳಿ, ಶಟರ್ ಪೂರ್ತಿ ತೆಗೀಲಿ. ತಪ್ಪು ಮಾಡಿದೋರು ಯಾರೋ, ಮಂಡಿಪೇಟೆ ಮರ್ಯಾದಸ್ಥರು ಕತ್ತಲಲ್ಲಿ ಯಾಕೆ ಕೂರ್ಬೇಕು.

ನಿಟ್ಟುವಳ್ಳಿ_ಅಕ್ಕ

ಮಂಜಣ್ಣ, ನಿಮ್ಮ ಮಾತು ಮಾವನಿಗೆ ಓದಿ ಹೇಳಿದೆ, ತುಂಬಾ ಹೊತ್ತು ಸುಮ್ನೆ ಇದ್ರು. ಎಲ್ರಿಗೂ ತುಂಬಾ ಥ್ಯಾಂಕ್ಸ್.

ವಕೀಲರೆ, ಇವತ್ತು ಅವಳ ಹತ್ರ ಫೋನಲ್ಲಿ ಮಾತಾಡಿದ್ಮೇಲೆ ಇನ್ನೂ ಹೊಸ ವಿಷ್ಯ ಬಂತು. ಅವರ ಕಡೆಯೋರು ಒಂದು ಪ್ರಸ್ತಾಪ ಇಟ್ಟಿದಾರಂತೆ, ಮ್ಯೂಚುವಲ್ ಮಾಡ್ಕೊಳ್ಳೋಣ, ಮನೆ, ಕಾರು ಎಲ್ಲ ನಿನ್ನ ಹೆಸರಿಗೆ ಬರೆದು ಕೊಡ್ತೀವಿ, ಕೇಸ್ ಎಲ್ಲ ತಣ್ಣಗಾದ್ಮೇಲೆ ನೋಡೋಣ ಅಂತ. ಜೊತೆಗೆ ಬೇಲ್‌ಗೆ ಜಾಮೀನು ನಿಲ್ಲೋಕೆ ಮಾವನ ಪಹಣಿ ಬೇಕು ಅಂತಿದಾರೆ. ಪೊಲೀಸ್‌ನೋರು ಇವಳನ್ನೂ ಕರೆದು ಗಂಡ ಏನೇನು ಹೇಳಿದ್ರು ಅಂತ ಕೇಳಿದಾರಂತೆ, ಇವಳು ಹೆದರಿ ನಡುಗ್ತಾ ಇದಾಳೆ. ಮಗುನ ನಾನೇ ಇಟ್ಕೋತೀನಿ, ನನ್ನಮ್ಮ ನೋಡ್ಕೋತಾಳೆ ಅಂತಾನೂ ಅವಳ ಗಂಡ ಹೇಳಿದಾರೆ.

ಹರಿಹರದ_ವಕೀಲ

ಅಕ್ಕಾರೆ, ಯಾವ ಪೇಪರ್‌ಗೂ ಸೈನ್ ಹಾಕೋದು ಬೇಡ, ಇವತ್ತೇ ಹೇಳಿ.

ಮ್ಯೂಚುವಲ್ ಅನ್ನೋದು ಒಳ್ಳೇ ದಾರಿನೇ. ಸೆಕ್ಷನ್ 13ಬಿ, ಒಂದು ವರ್ಷ ಬೇರೆ ಇದ್ದು ಇಬ್ಬರೂ ಒಪ್ಪಿದ್ರೆ ಆಗುತ್ತೆ, ಆರು ತಿಂಗಳ ಕಾಯೋ ಅವಧಿನ ಕೋರ್ಟ್ ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕ್ರಿಕೆಟರ್ ಚಹಲ್ ಮತ್ತೆ ಹೆಂಡತಿ ಧನಶ್ರೀ ಕೇಸಲ್ಲಿ 2025ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟ್ ಐಪಿಎಲ್ ಹತ್ರ ಬಂದಿದೆ ಅಂತ ಆ ಅವಧಿ ಬಿಟ್ಟುಕೊಟ್ಟು ಮಾರನೇ ದಿನಕ್ಕೇ ತೀರ್ಮಾನ ಮಾಡಿ ಅಂದಿತ್ತು, ಅಲ್ಲಿ ಒಪ್ಪಂದ 4.75 ಕೋಟಿ, ಎಲ್ಲ ಲಿಖಿತದಲ್ಲಿ. ಆದ್ರೆ ನಿಮಗೆ ಬಂದಿರೋ ಪ್ರಸ್ತಾಪ ಆ ಥರದ್ದಲ್ಲ. ಜನರ ದುಡ್ಡಿನ ಕೇಸ್ ತಲೆ ಮೇಲಿರೋವಾಗ ಆಸ್ತಿ ಹೆಂಡತಿ ಹೆಸರಿಗೆ ಹಾಕಿ ಡಿವೋರ್ಸ್ ಪೇಪರ್ ತೋರಿಸೋದು, ದುಡ್ಡು ಬರಬೇಕಾದೋರ ಕೈಗೆ ಸಿಗದಂಗೆ ಮಾಡಿದ ವರ್ಗಾವಣೆ ಅಂತ ಕೋರ್ಟ್ ರದ್ದು ಮಾಡುತ್ತೆ, ಅಷ್ಟೇ ಅಲ್ಲ, ಇವಳ ಹೆಸರೂ ಆರೋಪಿ ಪಟ್ಟಿಗೆ ಸೇರೋ ಅಪಾಯ ಇದೆ. ಇವತ್ತು ಅವಳು ಬರೀ ಹೆಂಡತಿ, ಆ ಸೈನ್ ಹಾಕಿದ ದಿನ ಪಾಲುದಾರಳು. ಸೈಟಿಗೆ ಅಂತ ಪೈಸೆ ಪೈಸೆ ಕೂಡಿಟ್ಟು ಕಳ್ಕೊಂಡಿರೋ ಜನ ಇದಾರೆ ಆ ಕಡೆ, ಅವರ ದುಡ್ಡು ಅದು, ಅದು ಇವಳಿಗೆ ಬೇಡವೇ ಬೇಡ.

ಜಾಮೀನು ನಿಲ್ಲೋದು ಅವರವರ ಇಷ್ಟ, ಆದ್ರೆ ಮಾವ ಪಹಣಿ ಕೊಟ್ರೆ ಅಳಿಯ ತಾರೀಕಿಗೆ ಬರದೇ ಹೋದಾಗ ಬಾಂಡಿನ ದುಡ್ಡು ಕಟ್ಟೋದು ಮಾವನೇ. ನಾನಾದ್ರೆ ಬೇಡ ಅಂತೀನಿ. ಇನ್ನೊಂದು ಸೂಕ್ಷ್ಮ, ಕ್ರೌರ್ಯದ ಮೇಲೆ ಡಿವೋರ್ಸ್ ಕೇಳೋರು ಅದೇ ಕಾಲದಲ್ಲಿ ವಾಪಸ್ ಹೋಗಿ ಜೊತೇಲಿ ಸಂಸಾರ ಮಾಡಿದ್ರೆ, ಸೆಕ್ಷನ್ 23ರಲ್ಲಿ ಕ್ಷಮಿಸಿದಾಳೆ ಅಂತ ವಾದ ಮಾಡೋಕೆ ಎದುರಿನೋರಿಗೆ ದಾರಿ ಆಗುತ್ತೆ. ಜೈಲಿಗೆ ಹೋಗಿ ಮಗುನ ತೋರಿಸಿ ಬಂದ್ರೆ ಅದು ಕ್ಷಮೆ ಆಗಲ್ಲ, ಅದಕ್ಕೆ ಹೆದರಬೇಡಿ.

ಪೊಲೀಸ್ ವಿಚಾರ. ನಮ್ಮಲ್ಲಿ ಹೆಂಡತಿ ಗಂಡನ ಕೇಸಲ್ಲಿ ಸಾಕ್ಷಿ ಆಗಬಹುದು. ಆದ್ರೆ ದಾಂಪತ್ಯದಲ್ಲಿ ಗಂಡ ಹೆಂಡತಿಗೆ ಹೇಳಿದ ಮಾತನ್ನ ಬಿಟ್ಟುಕೊಡು ಅಂತ ಒತ್ತಾಯ ಮಾಡೋ ಹಂಗಿಲ್ಲ, ಮೊದಲು ಎವಿಡೆನ್ಸ್ ಆಕ್ಟ್ 122, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 128. ಡಿವೋರ್ಸ್ ಆದ್ರೂ ಮದುವೆ ಇದ್ದಾಗಿನ ಮಾತಿಗೆ ಆ ರಕ್ಷಣೆ ಹೋಗಲ್ಲ. ಅವಳು ಕಣ್ಣಾರೆ ಕಂಡಿದ್ದು, ಮನೆಗೆ ಯಾರು ಬಂದ್ರು ಹೋದ್ರು ಅನ್ನೋದು ಬೇರೆ, ಅದನ್ನ ಕೇಳಬಹುದು, ಸತ್ಯ ಹೇಳಲಿ. ಗಂಡ ಹೆಂಡತಿ ನಡುವಿನ ಕೇಸಲ್ಲಿ ಮಾತ್ರ ಆ ರಕ್ಷಣೆ ಇಲ್ಲ, 2025ರ ಜುಲೈನಲ್ಲಿ ವಿಭೋರ್ ಗರ್ಗ್ ಕೇಸಲ್ಲಿ ಸುಪ್ರೀಂ ಕೋರ್ಟ್ ಗುಟ್ಟಾಗಿ ರೆಕಾರ್ಡ್ ಮಾಡಿದ ಫೋನ್ ಮಾತನ್ನೂ ಡಿವೋರ್ಸ್ ಕೇಸಲ್ಲಿ ನೋಡಬಹುದು ಅಂದಿದೆ, ಹಾಗಾಗಿ ಅವಳೂ ಫೋನಲ್ಲಿ ಏನು ಮಾತಾಡ್ತಾಳೆ ಅಂತ ಹುಷಾರಾಗಿರಲಿ.

ಮಗು ವಿಷ್ಯದಲ್ಲಿ ಕ್ರಿಮಿನಲ್ ಕೇಸ್ ನಿಜವಾಗ್ಲೂ ತೂಕಕ್ಕೆ ಬರುತ್ತೆ. 2008ರ ನೀಲ್ ರತನ್ ಕುಂಡು ಕೇಸಲ್ಲಿ, ಹೆಂಡತಿ ಸಾವಿನ ಆರೋಪ ಇದ್ದ ಅಪ್ಪ ಮಗುನ ಕೇಳಿದಾಗ, ಕಸ್ಟಡಿ ಕೇಳೋರ ನಡತೆ, ಅವರ ಮೇಲಿರೋ ಕ್ರಿಮಿನಲ್ ಕೇಸ್ ನೋಡದೇ ತೀರ್ಮಾನ ಮಾಡಿದ್ದು ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳ್ತು, ಮಗು ತಾಯಿಯ ಅಪ್ಪ ಅಮ್ಮನ ಹತ್ರನೇ ಉಳೀತು. ಮೋಸದ ಕೇಸಿಗೆ ಅಷ್ಟು ತೂಕ ಇರುತ್ತೆ ಅಂತ ನಾನು ಹೇಳಲ್ಲ, ಆದ್ರೆ ಅಪ್ಪ ಜೈಲು ಕೋರ್ಟು ಅಂತ ಓಡಾಡ್ತಾ ಅಜ್ಜಿ ಕೈಲಿ ಬಿಡ್ತೀನಿ ಅಂದ್ರೆ ಜಡ್ಜ್ ಕೇಳೇ ಕೇಳ್ತಾರೆ, ತಾಯಿ ಇರೋವಾಗ ಅಜ್ಜಿ ಯಾಕೆ ಅಂತ. ಅಪ್ಪನಿಗೆ ಮಗುನ ನೋಡೋ ಹಕ್ಕು ಮಾತ್ರ ಇದ್ದೇ ಇರುತ್ತೆ, ಅದನ್ನ ತಪ್ಪಿಸೋಕೆ ಹೋಗ್ಬೇಡಿ.

ಕೊನೇದಾಗಿ ನಿಮಗೆ ತುಂಬಾ ಉಪಯೋಗ ಆಗೋ ವಿಷ್ಯ. ಇದೆಲ್ಲ ಬೆಂಗಳೂರಲ್ಲೇ ಹಾಕ್ಬೇಕು ಅಂತಿಲ್ಲ. 2003ರ ತಿದ್ದುಪಡಿ ಆದ್ಮೇಲೆ ಹೆಂಡತಿ ತಾನು ಈಗ ಎಲ್ಲಿ ವಾಸ ಮಾಡ್ತಾಳೋ ಅಲ್ಲಿನ ಕೋರ್ಟಲ್ಲೇ ಅರ್ಜಿ ಹಾಕಬಹುದು, ಹಿಂದೂ ವಿವಾಹ ಕಾಯ್ದೆ ಸೆಕ್ಷನ್ 19. ತವರಿಗೆ ಬಂದು ಇದ್ರೆ ದಾವಣಗೆರೆಲೇ ಆಗುತ್ತೆ. ವಾಸ ಅಂದ್ರೆ ಮಾತ್ರ ನಿಜವಾದ ವಾಸ ಇರ್ಬೇಕು, ಕೇಸ್ ಹಾಕೋಕೆ ಅಂತ ಬಂದು ಮಾರನೇ ದಿನ ವಾಪಸ್ ಹೋದ್ರೆ ಎದುರಿನೋರು ಆಕ್ಷೇಪ ತೆಗೀತಾರೆ.

ಸುಧಾ_ಟೀಚರ್

ಪ್ರೈಮರಿ ಟೀಚರ್ ನಾನು, ಒಂದೇ ಮಾತು. ಮಗುನ ಇಲ್ಲಿಗೆ ಸೇರಿಸೋದಾದ್ರೆ ಟಿಸಿ ತರೋ ದಿನಾನೇ ಹೆಡ್ ಮೇಡಂ ಹತ್ರ ಒಂದು ಲೆಟರ್ ಕೊಡಿ, ಇಂಥವರು ಬಿಟ್ಟು ಬೇರೆ ಯಾರು ಬಂದ್ರೂ ಮಗುನ ಕಳಿಸಬಾರದು, ಸ್ಕೂಲ್ ಡೇ ಫೋಟೋ ವಿಡಿಯೋಲಿ ಮಗು ಮುಖ ಹಾಕಬಾರದು ಅಂತ. ಬಾಯಲ್ಲಿ ಹೇಳಿದ್ರೆ ಸಾಲಲ್ಲ, ಬರೆದು ಕೊಟ್ರೆ ನಮಗೂ ಗೇಟಲ್ಲಿ ಇಲ್ಲ ಅನ್ನೋಕೆ ಧೈರ್ಯ ಬರುತ್ತೆ. ಎರಡನೇ ಕ್ಲಾಸಿನ ಮಕ್ಕಳಿಗೆ ಎಲ್ಲ ಅರ್ಥ ಆಗುತ್ತೆ, ಪಕ್ಕದ ಮಗು "ನಿಮ್ಮಪ್ಪ ಟೀವಿಲಿ ಬಂದ್ರಲ್ಲ" ಅಂತ ಕೇಳೋ ಮುಂಚೆ ಅಮ್ಮನೇ ಕೂರಿಸ್ಕೊಂಡು ಅದರ ಮಟ್ಟಕ್ಕೆ ಹೇಳಿಬಿಡೋದು ಒಳ್ಳೇದು. ಚಾನಲ್‌ನೋರು ಮಗು ಫೋಟೋ ಹಾಕ್ತಾ ಇದ್ರೆ ವಕೀಲರ ಮೂಲಕ ಸಿವಿಲ್ ಕೋರ್ಟಲ್ಲಿ ತಡೆಯಾಜ್ಞೆ ತರಬಹುದಲ್ವಾ ಸರ್?

ಹರಿಹರದ_ವಕೀಲ

ತರಬಹುದು ಮೇಡಂ, ತಾತ್ಕಾಲಿಕ ತಡೆಯಾಜ್ಞೆ ಕೇಳ್ತೀವಿ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ತೀರ್ಪು ಬಂದಿದ್ದೇ ನಮ್ಮ ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹಾಕಿದ ಅರ್ಜಿ ಮೇಲೆ. ಮಗು ಫೋಟೋ ಬಂದಿರೋ ವಿಡಿಯೋಗಳ ಲಿಂಕು, ದಿನಾಂಕ ಕಾಣೋ ಹಂಗೆ ಸ್ಕ್ರೀನ್‌ಶಾಟ್ ತೆಗೆದಿಡಿ, ಅಳಿಸಿಬಿಡೋ ಮುಂಚೆ.

ನಿಟ್ಟುವಳ್ಳಿ_ಅಕ್ಕ

ಸರ್, ಅವಳು ಮಗುನ ಕರ್ಕೊಂಡು ಈ ವಾರ ಬರ್ತಾ ಇದಾಳೆ, ಮಾವನೇ ಹೋಗಿ ಕರ್ಕೊಂಡು ಬರ್ತಾರಂತೆ. ಅಡ್ಡ ಹಾಕ್ತಿದ್ದ ದೊಡ್ಡತ್ತೇನೂ ರೂಮ್ ಕ್ಲೀನ್ ಮಾಡಿಸಿದ್ರು. ಜೀವನಾಂಶದ ಅರ್ಜಿ ಮೊದಲು ಹಾಕೋಣ ಅಂತ ಮನೇಲಿ ಒಪ್ಪಿದಾರೆ. ಅವಳ ಆಧಾರ್ ಬೆಂಗಳೂರು ವಿಳಾಸದ್ದು, ಅದಕ್ಕೆ ತೊಂದ್ರೆ ಆಗುತ್ತಾ? ನಿಮ್ಮನ್ನ ಕಾಣೋಕೆ ಬರೋವಾಗ ಏನೇನು ತರಬೇಕು?

ಹರಿಹರದ_ವಕೀಲ

ಆಧಾರ್ ಹಳೇ ವಿಳಾಸ ಇದ್ರೆ ಕೇಸ್ ನಿಲ್ಲಲ್ಲ, ಅಪ್ಪನ ಮನೆ ಕರೆಂಟ್ ಬಿಲ್ಲು, ಮಗುನ ಇಲ್ಲಿ ಸ್ಕೂಲಿಗೆ ಸೇರಿಸಿದ ರಸೀದಿ, ಅವಳದೊಂದು ಅಫಿಡವಿಟ್ ಮಾಡಿಸೋಣ. ಮದುವೆ ಇನ್ವಿಟೇಷನ್, ಫೋಟೋ, ಮ್ಯಾರೇಜ್ ಸರ್ಟಿಫಿಕೇಟ್, ಮಗುವಿನ ಬರ್ತ್ ಸರ್ಟಿಫಿಕೇಟ್, ಒಡವೆ ಬಿಲ್ಲು, ಅವರ ಸಂಭಾವನೆ ಬಗ್ಗೆ ಅವಳ ಹತ್ರ ಇರೋ ಯಾವ ಕಾಗದ ಆದ್ರೂ ಸರಿ, ಐಟಿ ರಿಟರ್ನ್ ಕಾಪಿ ಇದ್ರೆ ತುಂಬಾ ಒಳ್ಳೇದು. ಎಫ್‌ಐಆರ್ ಕಾಪಿನೂ ತನ್ನಿ, ಅದನ್ನ ಡಿವೋರ್ಸ್‌ಗೆ ಸಾಕ್ಷಿ ಅಂತ ಅಲ್ಲ, ಅದರಲ್ಲಿ ಅವಳ ಹೆಸರು ಎಲ್ಲಾದ್ರೂ ಬಂದಿದೆಯಾ ಅಂತ ನಾನು ಓದ್ಬೇಕು.